ಕಡಲಿಲ್ಲದ ನಾಡಿನ ನೌಕಾಪಡೆ

ಟಿಟಿಕಾಕಾ ಸರೋವರ ಸಮುದ್ರಮಟ್ಟಕ್ಕಿಂತ ಸುಮಾರು 3,800 ಮೀಟರ್ ಎತ್ತರದಲ್ಲಿದೆ. ಅದು ತೀರಾ ಕಿರಿದಾಗುವ ಟಿಕಿನಾ ಎಂಬಲ್ಲಿ ಬಸ್ಸುಗಳನ್ನು ಮರದ ಚಪ್ಪಟೆ ದೋಣಿಗಳ ಮೇಲೆ ಹತ್ತಿಸಿ ಆಚೆ ದಡಕ್ಕೆ ದಾಟಿಸುತ್ತಾರೆ. ಬೊಲಿವಿಯಾದ ನೌಕಾಪಡೆಯ ಮುಖ್ಯ ನೆಲೆಯೊಂದು ಇರುವುದು ಇಲ್ಲಿಯೇ. ಸಮುದ್ರಕ್ಕೆ ಅಂಗುಲದಷ್ಟೂ ತೀರವಿಲ್ಲದ ದೇಶಕ್ಕೆ ಸಾವಿರಾರು ನಾವಿಕರ ಪಡೆ ಏಕೆ ಎಂದು ನಗುವವರು ಬಹಳ ಮಂದಿ. ಆ ದೇಶ ಕಡಲನ್ನು ಕಳೆದುಕೊಂಡ ಬಗೆಯನ್ನು ತಿಳಿದವರಿಗೆ ಹಾಗೆ ನಗುವುದು ಕಷ್ಟ.

1825ರಲ್ಲಿ ಸ್ವತಂತ್ರವಾದಾಗ ಬೊಲಿವಿಯಾಕ್ಕೆ ಪೆಸಿಫಿಕ್ ತೀರವಿತ್ತು. ಆದರೆ ಆ ತೀರಕ್ಕೂ ಪರ್ವತದ ಮೇಲಿನ ರಾಜಧಾನಿಗೂ ನಡುವೆ ಅಟಕಾಮಾ ಮರುಭೂಮಿ ಹಬ್ಬಿತ್ತು. ಅಲ್ಲಿ ಮೊದಲು ಕಡಲಹಕ್ಕಿಗಳ ಹಿಕ್ಕೆ ಗೊಬ್ಬರವಾಗಿ ಬೆಲೆಬಾಳಿತು, ಆಮೇಲೆ ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕಾದ ಪೆಟ್ಲುಪ್ಪು. ಅದನ್ನು ಅಗೆಯಲು ಬಂದ ಬಂಡವಾಳ ಚಿಲಿ ಮತ್ತು ಬ್ರಿಟನ್ನಿನದು, ಕೂಲಿಗಳಲ್ಲಿ ಹೆಚ್ಚಿನವರು ಚಿಲಿಯವರು. ಚಿಲಿಯ ಉದ್ಯಮಗಳ ಮೇಲೆ 25 ವರ್ಷ ತೆರಿಗೆ ಏರಿಸುವುದಿಲ್ಲವೆಂದು 1874ರ ಒಪ್ಪಂದದಲ್ಲಿ ಮಾತು ಕೊಟ್ಟಿದ್ದ ಬೊಲಿವಿಯಾ, 1878ರಲ್ಲಿ ಪೆಟ್ಲುಪ್ಪಿನ ಮೇಲೆ ಕ್ವಿಂಟಲ್‌ಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 46 ಕಿಲೋಗೆ, 10 ಸೆಂಟಾವೊ (ಪೈಸೆಯಂಥ ಚಿಲ್ಲರೆ ನಾಣ್ಯ) ತೆರಿಗೆ ಹೇರಿತು. ಅಲ್ಲಿ ಪೆಟ್ಲುಪ್ಪು ಅಗೆಯುತ್ತಿದ್ದ ಚಿಲಿಯ ಕಂಪನಿ ಆ ತೆರಿಗೆ ಕಟ್ಟಲು ಒಪ್ಪಲಿಲ್ಲ. ಅದರ ಆಸ್ತಿಯನ್ನು ಹರಾಜಿಗೆ ಇಡಬೇಕಿದ್ದ 1879ರ ಫೆಬ್ರವರಿ 14ರಂದೇ ಚಿಲಿಯ ಸೈನಿಕರು ಆಂಟೊಫಗಾಸ್ಟಾ ಬಂದರಿನಲ್ಲಿ ಇಳಿದರು.

ಆ ಹೊತ್ತಿಗೆ ಬೊಲಿವಿಯಾದ ಬಳಿ ಕಾದಾಡಬಲ್ಲ ಒಂದು ಯುದ್ಧನೌಕೆಯೂ ಇರಲಿಲ್ಲ. ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ: ತೀರವಿದ್ದಾಗ ಪಡೆಯಿರಲಿಲ್ಲ, ಪಡೆ ಬಂದಾಗ ತೀರವಿರಲಿಲ್ಲ. ಕಡಲಿನ ಕಾಳಗವನ್ನೆಲ್ಲ ಮಿತ್ರರಾಷ್ಟ್ರ ಪೆರು ಒಂದೇ ಹೊತ್ತುಕೊಂಡು ಸೋತಿತು. ನೆಲದ ಮೇಲೆ ಮಾರ್ಚ್ 23ರಂದು ಕಲಾಮಾ ಊರಿನ ಬಳಿ, ಲೋವಾ ನದಿ ದಾಟುವಲ್ಲಿ, ಬೆರಳೆಣಿಕೆಯ ಬೊಲಿವಿಯನ್ನರು ಚಿಲಿ ಸೇನೆಗೆ ಎದುರು ನಿಂತರು. ಅವರಲ್ಲಿ ಸೈನಿಕನಲ್ಲದ ಎಡುವಾರ್ಡೊ ಅಬರೋವಾ ಒಬ್ಬರು. ಶರಣಾಗು ಎಂದಾಗ "ನಾನು ಶರಣಾಗುವುದೇ? ನಿಮ್ಮಜ್ಜಿ ಶರಣಾಗಲಿ" ಎಂದು ಕೂಗಿ ಗುಂಡಿಗೆ ಬಿದ್ದರೆಂಬ ಮಾತು ಇಂದಿಗೂ ಅಲ್ಲಿನ ಮಕ್ಕಳ ಬಾಯಲ್ಲಿದೆ. ಆ ದಿನವನ್ನೇ ದೇಶ 'ಸಮುದ್ರ ದಿನ'ವೆಂದು ಆಚರಿಸುತ್ತದೆ.

1884ರಲ್ಲಿ ಕದನವಿರಾಮವಾಯಿತು. 1904ರ ಒಪ್ಪಂದದಲ್ಲಿ ಬೊಲಿವಿಯಾ ಸುಮಾರು 400 ಕಿಲೋಮೀಟರ್ ಕರಾವಳಿಯನ್ನು ಶಾಶ್ವತವಾಗಿ ಬಿಟ್ಟುಕೊಟ್ಟಿತು. ಬದಲಿಗೆ ಸಿಕ್ಕಿದ್ದು 3 ಲಕ್ಷ ಪೌಂಡ್, ಚಿಲಿಯ ಬಂದರುಗಳ ಮೂಲಕ ಸರಕು ಸಾಗಿಸುವ ಹಕ್ಕು ಮತ್ತು ಚಿಲಿಯ ಬಂದರು ಆರಿಕಾದಿಂದ ಬೊಲಿವಿಯಾದ ಲಾ ಪಾಜ್‌ಗೆ 1913ರಲ್ಲಿ ತೆರೆದ ರೈಲುಮಾರ್ಗ.

ಅದಾಗಿ ಅರ್ಧ ಶತಮಾನ ಕಳೆದ ಮೇಲೆ, 1963ರಲ್ಲಿ, 'ನದಿ ಮತ್ತು ಸರೋವರ ಪಡೆ' ಎಂಬ ಹೆಸರಿನಲ್ಲಿ ಈ ಪಡೆ ಹುಟ್ಟಿತು. ಮೂರು ವರ್ಷಗಳಲ್ಲಿ ಅದು ನೌಕಾಪಡೆ ಎನಿಸಿಕೊಂಡಿತು. ಅದು ಬರೀ ನೆನಪಿನ ಮೆರವಣಿಗೆಯಲ್ಲ. ದೇಶದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಅಮೆಜಾನಿಗೆ ಸೇರುವ ಮಮೊರೆ, ಬೇನಿಯಂಥ ದೊಡ್ಡ ನದಿಗಳಿವೆ. ರಸ್ತೆಯಿಲ್ಲದ ಹಳ್ಳಿಗಳಿಗೆ ವೈದ್ಯರನ್ನು ಒಯ್ಯುವುದು, ನೆರೆ ಬಂದಾಗ ಜನರನ್ನು ಸಾಗಿಸುವುದು, ಕಳ್ಳಸಾಗಣೆಯ ದೋಣಿಗಳನ್ನು ತಡೆಯುವುದು ಈ ನಾವಿಕರ ದಿನನಿತ್ಯದ ಕೆಲಸ. ಆದರೂ ಅವರ ಘೋಷಣೆ ನದಿಯ ಕುರಿತದ್ದಲ್ಲ: "ಸಮುದ್ರ ಹಕ್ಕಿನಿಂದ ನಮ್ಮದು, ಅದನ್ನು ಮರಳಿ ಪಡೆಯುವುದು ಕರ್ತವ್ಯ."

ಮರಳಿ ಪಡೆಯುವ ದಾರಿ ಒಮ್ಮೆ ಹತ್ತಿರ ಬಂದಂತಿತ್ತು. 1975ರಲ್ಲಿ ಗಡಿಯ ಚರಾನ್ಯಾ ರೈಲು ನಿಲ್ದಾಣದಲ್ಲಿ ಸರ್ವಾಧಿಕಾರಿಗಳಾದ ಬೊಲಿವಿಯಾದ ಬಾನ್ಸೆರ್ ಮತ್ತು ಚಿಲಿಯ ಪಿನೊಚೆ ಅಪ್ಪಿಕೊಂಡರು. ಆರಿಕಾದ ಉತ್ತರಕ್ಕೆ ಕಡಲಿಗೆ ಒಂದು ಕಿರುದಾರಿ ಕೊಡಲು ಚಿಲಿ ಮುಂದಾಯಿತು, ಬದಲಿಗೆ ಅಷ್ಟೇ ನೆಲ ಕೇಳಿತು. ಆ ಪ್ರದೇಶ ಹಿಂದೆ ಪೆರುವಿನದಾಗಿದ್ದರಿಂದ ಚಿಲಿ ಮತ್ತು ಪೆರು ನಡುವಿನ 1929ರ ಒಪ್ಪಂದದಂತೆ ಪೆರುವಿನ ಸಮ್ಮತಿ ಬೇಕಿತ್ತು. ಪೆರು ಮೂರೂ ದೇಶಗಳು ಹಂಚಿಕೊಳ್ಳುವ ವಲಯವೆಂಬ ಬೇರೆಯೇ ಸಲಹೆ ಮುಂದಿಟ್ಟಿತು. ಮಾತು ಮುರಿಯಿತು, 1978ರಲ್ಲಿ ರಾಯಭಾರ ಸಂಬಂಧವೂ ಕಡಿದುಹೋಯಿತು.

2013ರಲ್ಲಿ ಬೊಲಿವಿಯಾ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ಅದು ಕೇಳಿದ್ದು ತೀರವನ್ನಲ್ಲ. ಮಾತುಕತೆಗೆ ಕೂರುವುದು ಚಿಲಿಯ ಕಾನೂನಾತ್ಮಕ ಹೊಣೆಯೆಂಬ ಘೋಷಣೆಯನ್ನು. 2018ರ ಅಕ್ಟೋಬರ್ 1ರಂದು 12–3ರ ಬಹುಮತದಲ್ಲಿ ನ್ಯಾಯಾಲಯ ಅಂಥ ಹೊಣೆಯಿಲ್ಲವೆಂದಿತು. ಎರಡೂ ದೇಶಗಳು ಮಾತು ಮುಂದುವರಿಸುವುದಕ್ಕೆ ಈ ತೀರ್ಪು ಅಡ್ಡಿಯಾಗಬಾರದೆಂದೂ ಸೇರಿಸಿತು. ಸಮುದ್ರದ ಮೇಲಿನ ಹಕ್ಕನ್ನು ಸಾರುವ 2009ರ ಸಂವಿಧಾನದ 267ನೆಯ ವಿಧಿ ಅಳಿದಿಲ್ಲ, ತೀರ್ಪಿನ ಮರುವರ್ಷದ ಮಾರ್ಚ್ 23ರಂದೂ ಲಾ ಪಾಜ್‌ನಲ್ಲಿ ಸಮುದ್ರ ದಿನದ ಆಚರಣೆ ನಡೆಯಿತು.