ಎಲುಬಿನಲ್ಲಿ ಅಡಗಿದ ಸೀಸ ಮತ್ತು ಬಸುರಿ

ಮನೆಯ ರಾಸಾಯನಿಕಗಳಿಂದ ಗರ್ಭಿಣಿಗೆ ಏನು ತೊಂದರೆ ಅಂತ ಕೇಳಿದರೆ ಮನೆ ಭೇಟಿ ಮಾಡುವ ನಾವು ಆರೋಗ್ಯ ಕಾರ್ಯಕರ್ತರು ಫಿನಾಯಿಲ್, ಸೊಳ್ಳೆ ಬತ್ತಿ ಅಂತ ಬರೆದುಬಿಡುತ್ತೇವೆ. ಮೂಗಿಗೆ ಬಡಿಯುವುದು ಮಾತ್ರ ನೆನಪಿಗೆ ಬರುತ್ತದೆ. ಸೀಸ (ಲೆಡ್) ಎಂಬ ಲೋಹಕ್ಕೆ ವಾಸನೆಯೇ ಇಲ್ಲ. ಅದಕ್ಕೇ ಈ ಟಿಪ್ಪಣಿ ಪೂರ್ತಿ ಸೀಸದ ಬಗ್ಗೆ.

ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಸೀಮಂತಕ್ಕೆ ಮುಂಚೆ ಮನೆಗೆ ಬಣ್ಣ ಹೊಡೆಸುತ್ತಾರೆ. ಹಳೇ ಕಿಟಕಿ ಸರಳು, ಬಾಗಿಲ ಚೌಕಟ್ಟನ್ನು ಉಪ್ಪು ಕಾಗದದಲ್ಲಿ ತಿಕ್ಕುತ್ತಾರೆ. ಹಸಿರು ಪುಡಿ ಉದುರಿ ಕಿಟಕಿ ಕಟ್ಟೆ ಮೇಲೆ, ಪಕ್ಕದಲ್ಲೇ ಬೋರಲು ಹಾಕಿದ ಲೋಟದ ಮೇಲೆ ಕೂರುತ್ತದೆ. ಗೋಡೆಯ ಸುಣ್ಣದ ಚಿಂತೆ ಬೇಡ, ಹಳೇ ಎಣ್ಣೆ ಬಣ್ಣದ್ದೇ ಚಿಂತೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದೆ ಬಳಿದ ಪದರಗಳಲ್ಲಿ ಸೀಸ ಜಾಸ್ತಿ ಇರಬಹುದು ಅಂತಲೇ ಎಣಿಸಿ.

ಇನ್ನು ಮುಖ್ಯ ವಿಷಯ, ನಿಧಾನವಾಗಿ ಓದಿ. ಸೀಸ ದೇಹದೊಳಗೆ ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ಹೋಗುತ್ತದೆ. ರಕ್ತದಲ್ಲಿ ಸೇರಿದ್ದು ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಎಲುಬಿಗೆ ಇಳಿದದ್ದು ಮಾತ್ರ ಹತ್ತಾರು ವರ್ಷ ಅಲ್ಲೇ ಇರುತ್ತದೆ. ಬಸುರಿಯಾದಾಗ ಮಗುವಿನ ಮೂಳೆಗೆ ಕ್ಯಾಲ್ಸಿಯಂ ಬೇಕು. ಊಟದಲ್ಲಿ ಸಾಲದಿದ್ದರೆ ತಾಯಿಯ ಎಲುಬು ಕರಗಿ ಕೊಡುತ್ತದೆ, ಜೊತೆಗೆ ಹಳೇ ಸೀಸವೂ ರಕ್ತಕ್ಕೆ ಬರುತ್ತದೆ. ಮಾಸು (ಪ್ಲಾಸೆಂಟಾ) ಅದನ್ನು ತಡೆಯುವುದಿಲ್ಲ. ಅಂದರೆ ಆ ಹುಡುಗಿ ಚಿಕ್ಕವಳಿದ್ದಾಗ ಒಳಗೆ ಹೋದ ಧೂಳು ಈಗ ಅವಳ ಮಗುವಿಗೆ ಮುಟ್ಟಬಹುದು! ಇದನ್ನು ಮೊದಲ ಸಲ ಓದಿದಾಗ ನನಗೆ ತುಂಬಾ ಸಂಕಟವಾಯಿತು. ಗರ್ಭಪಾತ, ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕ, ತಾಯಿಗೆ ಬಿಪಿ, ಮಗುವಿನ ಮಿದುಳಿನ ಬೆಳವಣಿಗೆಗೆ ಪೆಟ್ಟು: ಇವೆಲ್ಲ ಸೀಸದಿಂದ ಬರಬಹುದಾದ ತೊಂದರೆಗಳು. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಇಲ್ಲ.

ಮನೆ ಭೇಟಿಗೆ ಹೋದಾಗ ಬಣ್ಣದ ಕೆಲಸ ನಡೀತಿದೆಯಾ ಅಂತ ಕೇಳಿ. ನಡೀತಿದ್ದರೆ ಕೆಲಸ ಮುಗಿದು ಮನೆ ಒರೆಸುವವರೆಗೂ ಬಸುರಿ ಬೇರೆ ಮನೆಯಲ್ಲಿರಲಿ. ಒಣ ಪೊರಕೆ ಹಿಡಿದರೆ ಪುಡಿ ಮತ್ತೆ ಏಳುತ್ತದೆ, ಒದ್ದೆ ಬಟ್ಟೆಯೇ ಬೇಕು.

ಮಾತ್ರೆಗಳನ್ನೂ ನೋಡಿ. ಕಬ್ಬಿಣ ಕಡಿಮೆ ಇರುವವರ ಕರುಳು ಸೀಸವನ್ನು ಜಾಸ್ತಿ ಹೀರುತ್ತದೆ, ಹಾಗಾಗಿ ರಕ್ತಹೀನತೆ ಇದ್ದವಳಿಗೆ ಅಪಾಯ ಹೆಚ್ಚು. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆ ಎರಡು, ಊಟದ ಜೊತೆ. ಕಬ್ಬಿಣದ್ದನ್ನು ಅದರ ಜೊತೆ ನುಂಗಬಾರದು, ಊಟವಾಗಿ ಎರಡು ಗಂಟೆ ಬಿಟ್ಟು ತೆಗೆದುಕೊಳ್ಳಲಿ.