ಒಂದು ಗಿಡಕ್ಕೆ ಹುಳ ಬಿದ್ದರೆ ಪಕ್ಕದ ಗಿಡಕ್ಕೆ ಗೊತ್ತಾಗುತ್ತಾ?

ಪ್ರಶ್ನೆ: ಜಯನಗರದ ನಮ್ಮ ಮನೆ ಟೆರೇಸ್ ಮೇಲೆ ಹತ್ತಿಪ್ಪತ್ತು ಕುಂಡಗಳಿವೆ. ಕರಿಬೇವಿಗೆ ಹಸಿರು ಹುಳ ಬಿದ್ದು ಎಲೆಯೆಲ್ಲ ಖಾಲಿ ಮಾಡುತ್ತಿದೆ. ಹೀಗಾದಾಗ ಗಿಡಗಳು ಗಾಳಿಯಲ್ಲೇ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವಂತೆ. ನಿಜಾನಾ, ಸುಮ್ನೆ ಕಥೆನಾ?

ಉತ್ತರ: ನಿಜ. ಆದರೆ ಮುಟ್ಟಿಸುತ್ತವೆ ಅನ್ನುವುದಕ್ಕಿಂತ ಪಕ್ಕದ ಗಿಡ ಕದ್ದು ಕೇಳಿಸಿಕೊಳ್ಳುತ್ತದೆ ಅಂದರೆ ಸರಿಯಾದೀತು.

ಲಾಲ್‌ಬಾಗ್‌ನಲ್ಲಿ ಹುಲ್ಲು ಕತ್ತರಿಸಿದ ಬೆಳಗ್ಗೆ ವಾಕಿಂಗ್ ಹೋಗಿದ್ದೀರಾ? ಮೂಗಿಗೆ ಬಡಿಯುವ ಆ ಹಸಿ ವಾಸನೆ ನಮಗೆ ಹಿತ, ಹುಲ್ಲಿಗೆ ಗಾಯ. ಎಲೆ ಹರಿದ ಕೂಡಲೇ ಅದರೊಳಗಿನ ಕೊಬ್ಬಿನಂಶ ತುಂಡಾಗಿ, ಹೆಕ್ಸೆನಾಲ್‌ನಂಥ ಹಗುರ ರಾಸಾಯನಿಕಗಳಾಗಿ ಗಾಳಿ ಸೇರುತ್ತದೆ. ಕತ್ತರಿ ತಗುಲಿದರೂ ಅಷ್ಟೇ, ಹುಳ ಕಡಿದರೂ ಅಷ್ಟೇ.

1983ರಲ್ಲಿ ಅಮೆರಿಕದ ಇಯಾನ್ ಬಾಲ್ಡ್‌ವಿನ್ ಮತ್ತು ಜ್ಯಾಕ್ ಶುಲ್ಟ್ಸ್ ಪಾಪ್ಲರ್ ಸಸಿಗಳ ಎಲೆ ಹರಿದು ನೋಡಿದರು. ಅದೇ ಗಾಳಿ ಕುಡಿಯುತ್ತಿದ್ದ, ಏನೂ ಪೆಟ್ಟಾಗದ ಸಸಿಗಳ ಎಲೆಯಲ್ಲೂ ಹುಳಕ್ಕೆ ಒಗ್ಗದ ಪದಾರ್ಥಗಳು ಜಾಸ್ತಿಯಾದವು. ಆಗ ಬಹಳ ಜನ ನಂಬಲಿಲ್ಲ. 1990ರಲ್ಲಿ ಎಡ್ವರ್ಡ್ ಫಾರ್ಮರ್ ಮತ್ತು ಕ್ಲಾರೆನ್ಸ್ ರಯಾನ್ ಇನ್ನೊಂದು ಪ್ರಯೋಗ ಮಾಡಿದರು. ಸೇಜ್‌ಬ್ರಷ್ ಅನ್ನೋ ಘಾಟು ಪೊದೆಯ ರೆಂಬೆಯನ್ನೂ ಟೊಮೆಟೊ ಗಿಡವನ್ನೂ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರು. ಟೊಮೆಟೊ ಎಲೆಯಲ್ಲಿ ಹುಳದ ಜೀರ್ಣಶಕ್ತಿಯನ್ನೇ ಕೆಡಿಸುವ ಪ್ರೋಟೀನ್ ತುಂಬಿಕೊಂಡಿತು. ಇದಕ್ಕೆ ಕಾರಣ ಸೇಜ್‌ಬ್ರಷ್ ಗಾಳಿಗೆ ಬಿಡುವ ಮೀಥೈಲ್ ಜಾಸ್ಮೊನೇಟ್ ಅನ್ನೋ ರಾಸಾಯನಿಕ. ಹೆಸರು ನೋಡಿ: ಅದು ಮೊದಲು ಸಿಕ್ಕಿದ್ದು ಜಾಜಿ ಹೂವಿನ ಎಣ್ಣೆಯಲ್ಲಿ!

2023ರಲ್ಲಿ ಜಪಾನಿನ ಸೈತಾಮ ವಿಶ್ವವಿದ್ಯಾಲಯದವರು ಇದನ್ನು ಕಣ್ಣಿಗೇ ಕಾಣುವಂತೆ ಮಾಡಿದರು. ಅಪಾಯದ ಸುಳಿವು ಸಿಕ್ಕಾಗ ಎಲೆಯ ಜೀವಕೋಶಗಳಲ್ಲಿ ಕ್ಯಾಲ್ಸಿಯಂ ಏರುತ್ತದೆ. ಅದು ಏರಿದರೆ ಹೊಳೆಯುವ ಹಾಗೆ ಗಿಡವನ್ನು ಮಾರ್ಪಡಿಸಿ, ಹುಳ ಮೇಯುತ್ತಿದ್ದ ಎಲೆಗಳ ಗಾಳಿಯನ್ನು ಅದರ ಮೇಲೆ ಹಾಯಿಸಿದರು. ಎಲೆಗಳು ಒಂದೊಂದಾಗಿ ಬೆಳಗಿದವು. ವಾಸನೆ ಒಳಗೆ ಹೋಗಿದ್ದು ಎಲೆ ಉಸಿರಾಡುವ ಪುಟ್ಟ ಪತ್ರರಂಧ್ರಗಳ ಮೂಲಕ.

ಸರಿ, ಪಕ್ಕದ ಗಿಡ ಉಳಿದರೆ ಕಡಿಸಿಕೊಂಡ ಗಿಡಕ್ಕೇನು ಲಾಭ? ನನಗೆ ಹಿಡಿಸಿದ ಉತ್ತರ ಇದು: ಅದು ತನ್ನದೇ ಇನ್ನೊಂದು ರೆಂಬೆಗೆ ಹೇಳಿಕೊಳ್ಳುತ್ತಿದೆ. ಒಂದೇ ಗಿಡದಲ್ಲಿದ್ದರೂ ರೆಂಬೆಯಿಂದ ರೆಂಬೆಗೆ ರಸದ ದಾರಿ ನೇರವಾಗಿರೋದಿಲ್ಲ. ಗಾಳಿಯೇ ಅಡ್ಡದಾರಿ. ಹೊರಗೆ ಹೋದ ಮಾತು ನೆರೆಯವರ ಕಿವಿಗೂ ಬೀಳುತ್ತದೆ, ವಠಾರದಲ್ಲಿ ಆಗುತ್ತಲ್ಲ ಹಾಗೆ.

ಆದರೆ ಈ ಮಾತು ಬಹಳ ದೂರ ಹೋಗೋದಿಲ್ಲ. ಬಯಲಲ್ಲಿ ಸೇಜ್‌ಬ್ರಷ್ ಪೊದೆಗಳ ನಡುವೆ ಅದು ಕೆಲಸ ಮಾಡಿದ್ದು ಸುಮಾರು 60 ಸೆಂಟಿಮೀಟರ್‌ವರೆಗೆ. ಲೈಮಾ ಬೀನ್ಸ್ ಗಿಡಗಳಲ್ಲಿ 70 ಸೆಂಟಿಮೀಟರ್ ಹೋಗುತ್ತಿದ್ದ ಸಂಕೇತ, ಗಾಳಿಗೆ ಓಝೋನ್ ಬೆರೆತಾಗ 20ಕ್ಕೆ ಇಳಿಯಿತು. ವಾಹನದ ಹೊಗೆಗೆ ಬಿಸಿಲು ಬಿದ್ದರೆ ಓಝೋನ್ ಹುಟ್ಟುತ್ತದೆ. ನಮ್ಮ ಊರಿನ ಟ್ರಾಫಿಕ್ ಬಗ್ಗೆ ನಾನೇನು ಹೇಳಲಿ!

ಇನ್ನು, ಈ ವಾಸನೆಯನ್ನು ಕೇಳಿಸಿಕೊಳ್ಳುವವರು ಗಿಡಗಳಷ್ಟೇ ಅಲ್ಲ. ಮೆಕ್ಕೆಜೋಳದ ಎಲೆಯನ್ನು ಹುಳ ಮೇಯುವಾಗ ಅದರ ಎಂಜಲು ಗಾಯಕ್ಕೆ ತಾಗುತ್ತದೆ. ಗಿಡ ಆಗ ಬೇರೆಯದೇ ವಾಸನೆ ಬಿಡುತ್ತದೆ, ಅದನ್ನು ಹಿಡಿದು ಪುಟ್ಟ ಕಣಜಗಳು ಬರುತ್ತವೆ. ಬಂದು ಹುಳದ ಮೈಯೊಳಗೇ ಮೊಟ್ಟೆ ಇಡುತ್ತವೆ. ಇಂಥ ಉಪಕಾರಿ ಕೀಟಗಳನ್ನು ಸಾಕಿ ಬೆಳೆಸುವ ಕೆಲಸ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ನಡೆಯುತ್ತದೆ.

ನಿಮ್ಮ ಕರಿಬೇವಿನ ಹುಳ ಬಹುಶಃ ನಿಂಬೆ ಚಿಟ್ಟೆಯ ಮರಿ. ಸಣ್ಣದಿದ್ದಾಗ ಹಕ್ಕಿಯ ಹಿಕ್ಕೆಯಂತೆ ಕಾಣುತ್ತದೆ. ದೊಡ್ಡದಾದ ಮೇಲೆ ಮುಟ್ಟಿದರೆ ತಲೆಯಿಂದ ಕೆಂಪು ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ. ವಾಸನೆಯ ಆಟ ಅದಕ್ಕೂ ಗೊತ್ತು, ಅಲ್ವಾ? ಒಂದೆರಡಿದ್ದರೆ ಕೈಯಲ್ಲೇ ತೆಗೆಯಿರಿ. ಔಷಧಿ ಹೊಡೆದರೆ ಕಣಜವೂ ಸಾಯುತ್ತದೆ. ಯಾವುದೇ ಗಿಡದಲ್ಲಿ ಹುಳದ ಮೈಮೇಲೋ ಪಕ್ಕದಲ್ಲೋ ಅಕ್ಕಿಕಾಳಿನಂಥ ಬಿಳಿ ಗೂಡುಗಳು ಕಂಡರೆ ಅದನ್ನು ಇದ್ದಲ್ಲೇ ಬಿಡಿ. ಕಣಜ ಆಗಲೇ ಬಂದು ಹೋಗಿದೆ.