ಆಪ್ತಸಮಾಲೋಚನೆಯ ಕೋಣೆಗೆ ಬರುವ ಮುನ್ನ

ಮನೋವೈದ್ಯನಾಗಿ ಕಾಲೇಜುಗಳಿಗೆ ಹೋದಾಗ ಆಡಳಿತದವರು ಮೊದಲು ತೋರಿಸುವುದು ಆಪ್ತಸಮಾಲೋಚನೆಯ ಕೋಣೆಯನ್ನು. ಎಷ್ಟೋ ಕಡೆ ಅದು ಪ್ರಾಂಶುಪಾಲರ ಕಚೇರಿಯ ಪಕ್ಕದಲ್ಲೇ ಇರುವುದರಿಂದ, ಒಳಗೆ ಯಾರು ಹೋದರೆಂಬುದು ಕ್ಷಣಾರ್ಧದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಹೀಗಿರುವಾಗ ವಿದ್ಯಾರ್ಥಿಗಳು ಬರುವುದಿಲ್ಲವೆಂಬ ದೂರಿನಲ್ಲಿ ಆಶ್ಚರ್ಯವೇನೂ ಇಲ್ಲ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರೊಬ್ಬರನ್ನಾದರೂ ನೇಮಿಸಬೇಕೆಂದು ಹೇಳಿತು. ಎಲ್ಲರೂ ಈ ನೇಮಕಾತಿಯ ಮಾತನ್ನೇ ಆಡುತ್ತಾರೆ. ಬೋಧಕ ಮತ್ತು ಬೋಧಕೇತರ ಸಿಬ್ಬಂದಿ ಇಬ್ಬರಿಗೂ ವರ್ಷಕ್ಕೆ ಎರಡು ಬಾರಿಯಾದರೂ ತರಬೇತಿ ನೀಡಬೇಕೆಂಬ ಅದೇ ಆದೇಶದ ಇನ್ನೊಂದು ಅಂಶ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯವಾದದ್ದು.

ಏಕೆಂದರೆ ಕಷ್ಟದಲ್ಲಿರುವ ವಿದ್ಯಾರ್ಥಿಯ ಬದಲಾವಣೆ ಮೊದಲು ಕಾಣುವುದು ತಜ್ಞರಿಗಲ್ಲ. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದು, ಇಂಗ್ಲಿಷ್ ಪಾಠ ಅರ್ಥವಾಗದೆ ಮೊದಲ ಆಂತರಿಕ ಪರೀಕ್ಷೆಯಲ್ಲೇ ಅನುತ್ತೀರ್ಣಳಾದ ಹುಡುಗಿ ಮೆಸ್‌ಗೆ ಬರುವುದನ್ನು ನಿಲ್ಲಿಸಿದರೆ, ಅದನ್ನು ಗಮನಿಸುವವರು ಅಡುಗೆಯವರು. ರಾತ್ರಿಯಿಡೀ ದೀಪ ಉರಿಯುವುದನ್ನು ಕಾಣುವವರು ಕಾವಲುಗಾರರು. ಅವರು ರೋಗ ಪತ್ತೆ ಮಾಡಬೇಕಾಗಿಲ್ಲ. ಪಕ್ಕದಲ್ಲಿ ಕುಳಿತು 'ಏನಮ್ಮಾ, ಊಟಕ್ಕೆ ಬರ್ತಿಲ್ಲ?' ಎಂದು ಕೇಳುವುದು, ಉತ್ತರಕ್ಕೆ ಕಾಯುವುದು, ಯಾರಿಗೆ ತಿಳಿಸಬೇಕೆಂಬುದನ್ನು ಅರಿತಿರುವುದು ಸಾಕು. ಸಾಯುವ ಮಾತು ಬಂದರೆ ವಾರ್ಡನ್ ಅಥವಾ ಉಪನ್ಯಾಸಕರು ಅದನ್ನು ನೇರವಾಗಿಯೇ ವಿಚಾರಿಸಬೇಕು. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅಪಾಯ ಕಂಡಾಗ ಒಂಟಿಯಾಗಿ ಬಿಡದೆ ಜಿಲ್ಲಾಸ್ಪತ್ರೆಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೂ ದೊರೆಯುತ್ತದೆ.

ಇಲ್ಲಿ ಸಂಸ್ಥೆಗಳನ್ನು ತಡೆಯುವುದು ಬಹುಮಟ್ಟಿಗೆ ಪೊಲೀಸರ ಮತ್ತು ಹೆಸರು ಕೆಡುವ ಭಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ, ಅವರಿಗೆ ಶಿಕ್ಷೆಯ ಬದಲು ಆರೈಕೆಯ ಹಾದಿಯನ್ನು ತೋರುತ್ತದೆ. ಆದರೂ ಅಂಥ ವಿದ್ಯಾರ್ಥಿಯನ್ನು ಹಾಸ್ಟೆಲ್‌ನಿಂದ ಹೊರಗೆ ಕಳುಹಿಸಿ ಕೈತೊಳೆದುಕೊಳ್ಳುವುದುಂಟು. ಅದನ್ನು ಕಂಡ ಸಹಪಾಠಿಗಳು ತಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳುವುದನ್ನೇ ನಿಲ್ಲಿಸುತ್ತಾರೆ.

ಚಿಕಿತ್ಸೆಯಲ್ಲಿದ್ದು ಹಾಜರಾತಿ ಕಡಿಮೆಯಾದವರಿಗೆ ಪರೀಕ್ಷೆ ಬರೆಯಲು ದಾರಿಯಿರಬೇಕು. ಕಾಮಾಲೆಗೆ ಒಪ್ಪುವ ವೈದ್ಯಕೀಯ ಪ್ರಮಾಣಪತ್ರವನ್ನು ಖಿನ್ನತೆಗೆ ಒಪ್ಪದಿರಲು ಯಾವ ಕಾರಣವೂ ಇಲ್ಲ.

ವಿದ್ಯಾರ್ಥಿಗಳ ಅಳಲು ಕೇಳಬೇಕಾದ ಉಪನ್ಯಾಸಕರ ಸ್ಥಿತಿಯೂ ಈ ಚರ್ಚೆಯೊಳಗೆ ಬರಬೇಕು. ಮುಂದಿನ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ ಎಂಬ ಚಿಂತೆಯಲ್ಲೇ ಪಾಠ ಮಾಡುವ ಅತಿಥಿ ಉಪನ್ಯಾಸಕರಿಗೂ ಆಪ್ತಸಮಾಲೋಚಕರ ಸಮಯವನ್ನು ಮೀಸಲಿಡುವುದು, ಅವರು ಹೇಳಿದ್ದು ಆಡಳಿತ ಮಂಡಳಿಯ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ಕಾಲೇಜಿಗೆ ಹೆಚ್ಚು ಖರ್ಚಿನ ಕೆಲಸವೇನೂ ಅಲ್ಲ.